‘ಶೂ’ ಅಂದರೆ ಬೂಟಲ್ಲ, ಟೀಚರ್!

ಗೋನೆಗಂಡ್ಲ: ಏಪ್ರಿಲ್ ತಿಂಗಳು ಬಂತೆಂದರೆ ನಮ್ಮೂರ ಬಸ್ ಸ್ಟ್ಯಾಂಡಿನ ಗೋಡೆಗಳು ಬಣ್ಣ ಬದಲಿಸುತ್ತವೆ. ಸಿನಿಮಾ ಪೋಸ್ಟರಿನ ಮೇಲೆ ಕಾನ್ವೆಂಟಿನ ಪೋಸ್ಟರ್ ಬೀಳುತ್ತದೆ. ಎಮ್ಮಿಗನೂರು ಕಡೆಯಿಂದ, ಆದೋನಿ ಕಡೆಯಿಂದ ಆಟೋಗಳು ಮೈಕ್ ಕಟ್ಟಿಕೊಂಡು ಬರುತ್ತವೆ. ‘ನರ್ಸರಿ, ಎಲ್‌ಕೆಜಿ, ಯುಕೆಜಿ ಅಡ್ಮಿಷನ್ಸ್ ಓಪನ್’ ಅಂತ ತೆಲುಗಿನಲ್ಲಿ ಕೂಗಿ, ತಮ್ಮಲ್ಲಿ ತೆಲುಗು ಮಾತಾಡಲು ಬಿಡುವುದಿಲ್ಲ ಅನ್ನೋದನ್ನೂ ತೆಲುಗಿನಲ್ಲೇ ಹೇಳುತ್ತವೆ. ಬೆಳಿಗ್ಗೆ ಪೇಪರ್ ಬಿಡಿಸಿದರೆ ಒಳಗಿಂದ ಎರಡು ಮೂರು ಪಾಂಪ್ಲೆಟ್ ಉದುರುತ್ತವೆ.

ಈ ಜಾಹೀರಾತಿನ ವಿಷಯದಲ್ಲಿ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನ್ನಂಥ ಅರೆಕಾಲಿಕ ವರದಿಗಾರನಿಗೆ ಸುದ್ದಿಯಿಂದ ಹೊಟ್ಟೆ ತುಂಬೋದಿಲ್ಲ. ಆಗಸ್ಟ್ 15, ಜನವರಿ 26, ಆಮೇಲೆ ಈ ಅಡ್ಮಿಷನ್ ಸೀಸನ್ನು, ಇವೇ ನಮ್ಮ ಸುಗ್ಗಿ. ಕಾನ್ವೆಂಟಿನ ಜಾಹೀರಾತು ತಂದು, ಅದರ ಕಮಿಷನ್ನಿನಲ್ಲಿ ಮನೆ ನಡೆಸಿದವನು ನಾನು. ‘ಉತ್ತಮ ಗಾಳಿ ಬೆಳಕಿನ ಕೊಠಡಿಗಳು, ನುರಿತ ಶಿಕ್ಷಕ ವೃಂದ’ ಅಂತ ಕೊಠಡಿ ನೋಡದೆ ಬರೆದುಕೊಟ್ಟವನೂ ನಾನೇ. ಆದ್ದರಿಂದ ಇಲ್ಲಿ ಬರೆಯುವುದರಲ್ಲಿ ನನ್ನ ಪಾಲಿನ ತಪ್ಪೂ ಇದೆ ಅಂತ ತಿಳಿದೇ ಓದಬೇಕು.

ಜೂನ್ ಬಂದರೆ ನನ್ನ ಮಗಳಿಗೆ ಮೂರು ತುಂಬುತ್ತದೆ. ಎಲ್ಲಿಗೆ ಸೇರಿಸೋದು ಅನ್ನುವ ಜಗಳ ಮನೆಯಲ್ಲಿ ಸಂಕ್ರಾಂತಿಯಿಂದಲೇ ನಡೆದಿದೆ. ಈ ಜಗಳಕ್ಕೆ ಕಾರಣ ನಮ್ಮ ಮಗ.

2019ರ ಜೂನಿನಲ್ಲಿ ಮೂರೂವರೆ ವರ್ಷದ ಮಗನನ್ನು ವ್ಯಾನ್ ಹತ್ತಿಸಿ ಪಟ್ಟಣದ ಒಂದು ಕಾನ್ವೆಂಟಿಗೆ ಕಳಿಸಿದೆವು. ಹೆಸರು ಬೇಡ. ನಮ್ಮ ಮನೆಯ ಕಥೆ ಹೀಗಿದೆ: ಆಯಿ ಆಡೋದು ಮರಾಠಿ. ಹೆಂಡತಿ ಸಿರುಗುಪ್ಪ ಕಡೆಯವಳು, ಆಕೆಯದು ಕನ್ನಡ. ಓಣಿ, ಅಂಗಡಿ ಎಲ್ಲ ತೆಲುಗು. ಮಗ ಹಗಲೆಲ್ಲ ಅಜ್ಜಿಯ ಮಡಿಲಲ್ಲಿ ಬೆಳೆದವನು, ಬಾಯಿಗೆ ಮೊದಲು ಬರುತ್ತಿದ್ದದ್ದು ಮರಾಠಿ. ಮರಾಠಿ ಮನೆಗಳಲ್ಲಿ ಮಕ್ಕಳು ಮೂತ್ರಕ್ಕೆ ‘ಶೂ’ ಅಂತಾರೆ. ‘ಶೂ ಆಲೀ’ ಅಂದರೆ ಒಂದಕ್ಕೆ ಬಂದಿದೆ ಅಂತ.

ಶಾಲೆ ಶುರುವಾದ ಎರಡನೇ ವಾರದಿಂದ ದಿನಾ ಚೀಲದಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಒದ್ದೆ ಚಡ್ಡಿ ಬರತೊಡಗಿತು. ಡೈರಿಯಲ್ಲಿ ಕೆಂಪು ಶಾಯಿಯಲ್ಲಿ ಒಂದು ಸಾಲು: ಮಗುವಿಗೆ ಮನೆಯಲ್ಲಿ ಟಾಯ್ಲೆಟ್ ಅಭ್ಯಾಸ ಮಾಡಿಸಿ. ನಮಗೆ ಆಶ್ಚರ್ಯ. ಎರಡು ವರ್ಷ ತುಂಬುವ ಮೊದಲೇ ಹೇಳಿ ಹೋಗುತ್ತಿದ್ದ ಹುಡುಗ ಇವನು. ಬೈದೆವು. ಒಂದು ದಿನ ನಾನು ಕೈಯನ್ನೂ ಎತ್ತಿದೆ, ಮರೆಯೋಕೆ ಆಗೋದಿಲ್ಲ. ಆಮೇಲೆ ಚಡ್ಡಿ ಒದ್ದೆಯಾಗೋದು ನಿಂತಿತು. ಸುಧಾರಿಸಿದ ಅಂದುಕೊಂಡೆವು. ಆದರೆ ನೀರಿನ ಬಾಟಲಿ ಹೇಗೆ ಹೋಗುತ್ತಿತ್ತೋ ಹಾಗೇ ತುಂಬಿಕೊಂಡು ವಾಪಸ್ ಬರುತ್ತಿತ್ತು. ಹುಡುಗ ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರ ತನಕ ನೀರು ಮುಟ್ಟುತ್ತಿರಲಿಲ್ಲ. ಆಗಸ್ಟಿನಲ್ಲಿ ಜ್ವರ, ಉರಿಮೂತ್ರ. ಆದೋನಿಯ ಡಾಕ್ಟರು ಔಷಧ ಬರೆದು, ‘ನೀರು ಯಾಕ್ ಕುಡಿಸಂಗಿಲ್ರೀ ಹುಡುಗಗ?’ ಅಂತ ನನ್ನನ್ನೇ ಗದರಿದರು.

ಗುಟ್ಟು ರಟ್ಟಾದದ್ದು ದಸರಾ ರಜೆಯಲ್ಲಿ. ಅಜ್ಜಿಯ ಪಕ್ಕ ಮಲಗಿದ್ದಾಗ ತಾನೇ ಹೇಳಿದನಂತೆ: ‘ಮೀ ಶೂ ಮ್ಹಟಲಂ, ಟೀಚರನೀ ಬೂಟ ಬಾಂಧಲಾ.’ ನಾನು ಶೂ ಅಂದೆ, ಟೀಚರು ಬೂಟಿನ ಲೇಸು ಕಟ್ಟಿದರು.

ಅಷ್ಟೇ ಆದದ್ದು. ಹುಡುಗ ಎದ್ದು ನಿಂತು ‘ಶೂ’ ಅಂದಿದ್ದಾನೆ. ಇಂಗ್ಲಿಷ್ ಮಾತ್ರ ಮಾತಾಡಬೇಕಾದ ಕೋಣೆಯಲ್ಲಿ ಆ ಹುಡುಗಿ, ಪಾಪ, ಮಗು ಇಂಗ್ಲಿಷ್ ಕಲಿಯಿತು ಅಂತ ಖುಷಿಪಟ್ಟು, ಬಗ್ಗಿ ಲೇಸು ಕಟ್ಟಿ, ‘ಗುಡ್ ಬಾಯ್’ ಅಂದು ಕೂರಿಸಿದ್ದಾಳೆ. ಆಕೆಯನ್ನು ಬೈಯುವಂತಿಲ್ಲ. ಇಂಟರ್ ಮುಗಿಸಿ ಮದುವೆಗೆ ಮೊದಲು ಒಂದಿಷ್ಟು ದುಡಿಯೋಣ ಅಂತ ಬಂದವಳು, ಎದುರಿಗೆ ನಲವತ್ತಕ್ಕೂ ಹೆಚ್ಚು ಮಕ್ಕಳು. ಮ್ಯಾನೇಜ್‌ಮೆಂಟಿನವರನ್ನು ಕೇಳಿದರೆ, ‘ಮನೆಯಲ್ಲೂ ಇಂಗ್ಲಿಷೇ ಮಾತಾಡಿ ಸಾರ್, ಪ್ರಾಬ್ಲಂ ಬರಲ್ಲ’ ಅಂದರು. ನಮ್ಮ ಆಯಿಗೆ ಇಂಗ್ಲಿಷ್ ಕಲಿಸೋದು ಯಾರು?

ಇನ್ನು ಲೆಕ್ಕ. ಬಿಕಾಂ ಓದಿದ ತಪ್ಪಿಗೆ ನಾನು ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡುತ್ತೇನೆ. ಆ ವರ್ಷ ಫೀ 14 ಸಾವಿರ. ವ್ಯಾನಿಗೆ ತಿಂಗಳಿಗೆ 700ರಂತೆ ಹತ್ತು ತಿಂಗಳಿಗೆ 7 ಸಾವಿರ. ಪುಸ್ತಕ, ಎರಡು ಜೊತೆ ಡ್ರೆಸ್ಸು, ಟೈ, ಬೆಲ್ಟು, ಅದೇ ಬೂಟು ಸೇರಿ 4,500. ಆ್ಯನುವಲ್ ಡೇ ಅಂತ 500. ಒಟ್ಟು 26 ಸಾವಿರ. ಜಮಾ ಬದಿಯಲ್ಲಿ ಬರೆಯಲು ಏನಿತ್ತು ಅಂದರೆ ಎಬಿಸಿಡಿ, ನೂರರವರೆಗೆ ಅಂಕಿ, ನೆಂಟರ ಮುಂದೆ ಹೇಳಿಸಲು ನಾಲ್ಕು ರೈಮ್ಸು. ಮರುವರ್ಷ ಕೊರೋನಾ ಬಂದು ಎಲ್ಲ ಶಾಲೆ ಮುಚ್ಚಿದವು. ಆ ವರ್ಷ ಹುಡುಗ ಓಣಿಯಲ್ಲಿ ಆಡಿಕೊಂಡು ತೆಲುಗು ಕಲಿತ, ತಾಯಿಯ ಹಿಂದೆ ಅಡುಗೆಮನೆಯಲ್ಲಿ ಸುತ್ತಿ ಕನ್ನಡ ಕಲಿತ, ಎರಡಕ್ಕೂ ಫೀ ಕಟ್ಟಲಿಲ್ಲ. ಮೊಬೈಲಿನ ಯುಕೆಜಿ ಕ್ಲಾಸಿಗೆ ಮಾತ್ರ ಕಟ್ಟಿದೆವು.

ಅಂದಹಾಗೆ ಎಲ್‌ಕೆಜಿ, ಯುಕೆಜಿ ಅನ್ನುವಾಗ ಆ ‘ಕೆಜಿ’ ಏನು ಅಂತ ಎಷ್ಟು ಪಾಲಕರಿಗೆ ಗೊತ್ತು? ಚೀಲದ ತೂಕ ನೋಡಿದರೆ ಕಿಲೋಗ್ರಾಂ ಇರಬೇಕು ಅನಿಸುತ್ತದೆ. ಅದು ಕಿಂಡರ್‌ಗಾರ್ಟನ್. ಜರ್ಮನಿಯ ಫ್ರೋಬೆಲ್ ಎಂಬವರು 1840ರಲ್ಲಿ ತಮ್ಮ ಶಾಲೆಗೆ ಇಟ್ಟ ಹೆಸರು, ‘ಮಕ್ಕಳ ತೋಟ’ ಅಂತ ಅರ್ಥ. ಆಟಿಕೆ, ಹಾಡು, ಮಣ್ಣು, ಗಿಡ, ಇವೇ ಅಲ್ಲಿ ಪಾಠ. ನಮ್ಮ ದೇಶದ್ದೇ ಹೊಸ ಪಠ್ಯಕ್ರಮದ ಚೌಕಟ್ಟು 2022ರ ಅಕ್ಟೋಬರಿನಲ್ಲಿ ಬಂದಿದೆ, ಮೂರರಿಂದ ಆರು ವರ್ಷದ ಮಕ್ಕಳಿಗೆ ನಿಗದಿತ ಪಠ್ಯಪುಸ್ತಕವೇ ಬೇಡ ಅನ್ನುತ್ತದೆ. ನಮ್ಮಲ್ಲಿ ಎಲ್‌ಕೆಜಿ ಪುಸ್ತಕದ ಸೆಟ್ಟು ಶಾಲೆಯ ಕೌಂಟರಿನಲ್ಲೇ ಕೊಳ್ಳಬೇಕು.

ಕಾನೂನು ಏನನ್ನುತ್ತದೆ ಅಂತ ಹುಡುಕಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಮಿನ ಪ್ರಕಾರ ಮಗುವನ್ನಾಗಲಿ ಪಾಲಕರನ್ನಾಗಲಿ ಪರೀಕ್ಷೆ ಮಾಡಿ ಸೀಟು ಕೊಡುವಂತಿಲ್ಲ. ಮೊದಲ ತಪ್ಪಿಗೆ 25 ಸಾವಿರದವರೆಗೆ, ಆಮೇಲೆ ಪ್ರತಿ ಸಲಕ್ಕೆ 50 ಸಾವಿರದವರೆಗೆ ದಂಡ. ಆದರೆ ಆ ಕಾಯ್ದೆ ‘ಮಗು’ ಅನ್ನೋದು 6ರಿಂದ 14 ವರ್ಷದವರನ್ನು. ನರ್ಸರಿ ಬಾಗಿಲಲ್ಲಿ ತಂದೆ ತಾಯಿಯನ್ನು ಕೂರಿಸಿ ‘ನೀವು ಏನು ಓದಿದ್ದೀರಿ?’ ಅಂತ ಕೇಳುವವರಿಗೆ ಅದನ್ನು ನೆನಪಿಸುವವರು ಯಾರೂ ಇಲ್ಲ. ಯಶಪಾಲ್ ಸಮಿತಿ 1993ರಲ್ಲೇ ನರ್ಸರಿ ಸೇರಿಸಲು ಪರೀಕ್ಷೆ, ಸಂದರ್ಶನ ಕೂಡದು ಅಂದಿತ್ತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಸುವ ಏರ್ಪಾಡು ಮಾಡಬೇಕೆನ್ನುವ ಸಂವಿಧಾನದ 350ಎ ವಿಧಿ ಇದೆ, ಅದೂ ಪ್ರಾಥಮಿಕ ಹಂತದ ಮಾತು. ದುಡ್ಡಿನ ಯೋಜನೆಗಳೂ ಹಾಗೇ. 2020ರ ಜನವರಿಯಲ್ಲಿ ಬಂದ ‘ಅಮ್ಮ ಒಡಿ’ ಇರಲಿ, 2025ರ ಜೂನಿನಲ್ಲಿ ಬಂದ ‘ತಲ್ಲಿಕಿ ವಂದನಂ’ ಇರಲಿ, ತಾಯಿಯ ಖಾತೆಗೆ ಹಣ ಬೀಳೋದು ಮಗು ಒಂದನೇ ತರಗತಿಗೆ ಬಂದ ಮೇಲೆ. ಆರು ವರ್ಷ ತುಂಬುವ ತನಕದ ಮಕ್ಕಳ ಪೋಷಣೆ, ಕಲಿಕೆಗೆ ಸರಕಾರ ಪ್ರಯತ್ನಿಸಬೇಕು ಅಂತ 2002ರ ತಿದ್ದುಪಡಿಯಾದ ಮೇಲೆ 45ನೇ ವಿಧಿ ಹೇಳುತ್ತದೆ. ಪ್ರಯತ್ನಿಸಬೇಕು, ಅಷ್ಟೇ. ಹೀಗೆ ಮೂರರಿಂದ ಆರರವರೆಗಿನ ಮೂರು ವರ್ಷ ಯಾರ ಲೆಕ್ಕದಲ್ಲೂ ಗಟ್ಟಿಯಾಗಿ ಬರೋದಿಲ್ಲ. ಖಾಲಿ ಬಿದ್ದ ಜಾಗದಲ್ಲಿ ಕಾನ್ವೆಂಟಿನ ವ್ಯಾನು ಬಂದು ನಿಂತಿದೆ.

ಮಾತೃಭಾಷೆಯಲ್ಲಿ ಕಲಿಸಿ ಅಂತ ವೇದಿಕೆ ಮೇಲೆ ಹೇಳೋದು ಸುಲಭ. ನಮ್ಮಂಥ ಮನೆಯಲ್ಲಿ ಯಾವುದು ಮಾತೃಭಾಷೆ? ತಾಯಿಯದು ಕನ್ನಡ, ತಂದೆಯ ತಾಯಿಯದು ಮರಾಠಿ, ಊರಿನದು ತೆಲುಗು. ಕರ್ನಾಟಕ ಸರಕಾರದ 1994ರ ಭಾಷಾ ನೀತಿಯ ಕೇಸಿನಲ್ಲಿ ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಪೀಠ 2014ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟು, ಮಗುವಿನ ಮಾತೃಭಾಷೆ ಯಾವುದು ಅಂತ ಹೇಳಬೇಕಾದವರು ಪಾಲಕರೇ, ಸರಕಾರ ಹೇರುವಂತಿಲ್ಲ ಅಂದಿತು. ಇಲ್ಲಿ ಆಂಧ್ರದಲ್ಲೂ ಒಂದರಿಂದ ಆರನೇ ತರಗತಿವರೆಗೆ ಇಂಗ್ಲಿಷ್ ಮಾಧ್ಯಮ ಕಡ್ಡಾಯ ಮಾಡಿ 2019ರಲ್ಲಿ ಹೊರಟ ಆದೇಶವನ್ನು ಹೈಕೋರ್ಟ್ 2020ರ ಏಪ್ರಿಲಿನಲ್ಲಿ ರದ್ದು ಮಾಡಿತು. ಎರಡೂ ಕಡೆ ಸುತ್ತಿ ಬಂದು ಚೆಂಡು ನಿಂತದ್ದು ಪಾಲಕರ ಅಂಗಳದಲ್ಲಿ. ನಾನು ಕಂಡುಕೊಂಡ ಉತ್ತರ ಇಷ್ಟು: ಮಗು ಆಗಲೇ ಯಾವ ಭಾಷೆಯಲ್ಲಿ ಅಳುತ್ತದೋ, ಕೇಳುತ್ತದೋ, ಆ ಭಾಷೆ ತಿಳಿಯುವ ಒಂದು ಹೆಣ್ಣುಮಗಳು ಆ ಕೋಣೆಯಲ್ಲಿರಬೇಕು. ಪಾಣಿ ಅಂದರೂ, ನೀರು ಅಂದರೂ, ನೀಳ್ಳು ಅಂದರೂ ಲೋಟ ಕೈಗೆ ಬರಬೇಕು. ವಾಟರ್ ಅನ್ನೋದನ್ನು ಏಳನೇ ವಯಸ್ಸಿಗೆ ಕಲಿತರೆ ಏನೂ ಮುಳುಗೋದಿಲ್ಲ.

ಈ ಭಾಷೆಗಳ ಕಲಬೆರಕೆ ನಮಗೆ ಇವತ್ತಿನದಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯನ್ನು ಕೊಯ್ದರು. ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ಮುಂತಾದವು ಮೈಸೂರಿಗೆ ಹೋದವು. ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಇತ್ತ ಉಳಿದವು. ಗೋನೆಗಂಡ್ಲದಲ್ಲಿ ತೆಲುಗಿನವರೇ ಹೆಚ್ಚು, ಕನ್ನಡದ ಮನೆಗಳು ಅಲ್ಲಿ ಇಲ್ಲಿ. ಪಶ್ಚಿಮಕ್ಕೆ ಕೌತಾಳ, ಹೊಳಗುಂದ, ಹಾಲಹರ್ವಿ ಕಡೆ ಹೋದಂತೆ ಕನ್ನಡ ಗಟ್ಟಿಯಾಗುತ್ತದೆ, ಸರಕಾರಿ ಕನ್ನಡ ಮಾಧ್ಯಮ ಶಾಲೆಗಳೂ ಸಿಗುತ್ತವೆ. ಆ ಶಾಲೆಗಳಿಗೆ ಮಕ್ಕಳು ಬರುತ್ತಿಲ್ಲ ಅಂತ ನಾವು ವರ್ಷಕ್ಕೊಮ್ಮೆ ಸುದ್ದಿ ಬರೆಯುತ್ತೇವೆ. ಒಂದನೇ ತರಗತಿಯ ಬಾಗಿಲಲ್ಲಿ ನಿಂತು ಮಕ್ಕಳನ್ನು ಎಣಿಸಿದರೆ ಏನು ಬಂತು? ಮಗು ಮೂರನೇ ವರ್ಷಕ್ಕೇ ವ್ಯಾನು ಹತ್ತಿ ಹೋಗಿರುತ್ತದೆ. ಎಲ್‌ಕೆಜಿ, ಯುಕೆಜಿ ಇಂಗ್ಲಿಷಿನಲ್ಲಿ ಮುಗಿಸಿದ ಮಗುವನ್ನು ಮತ್ತೆ ಅ ಆ ಇ ಈಗೆ ಯಾವ ತಾಯಿ ತಂದು ಕೂರಿಸುತ್ತಾಳೆ?

ಕನ್ನಡ ಹಳ್ಳಿಯ ಅಂಗನವಾಡಿಯಲ್ಲಾದರೂ ಕನ್ನಡ ಇದೆಯೇ? ಸುದ್ದಿಗೆ ಹೋದಾಗ ನಾನು ನೋಡಿದ ಕಡೆಗಳಲ್ಲಿ ಟೀಚರಮ್ಮ, ಆಯಾ ಇಬ್ಬರೂ ಮಕ್ಕಳ ಜೊತೆ ಮಾತಾಡೋದು ಕನ್ನಡವೇ. ಗೋಡೆಯ ಚಾರ್ಟು ಮಾತ್ರ ತೆಲುಗು, ಹಾಡಿನ ಪುಸ್ತಕ ತೆಲುಗು. ಒಬ್ಬ ಟೀಚರಮ್ಮ ಚಾರ್ಟಿನ ಮೇಲೆ ಬಿಳಿ ಹಾಳೆ ಅಂಟಿಸಿ ತಾನೇ ಸ್ಕೆಚ್ ಪೆನ್ನಿನಲ್ಲಿ ‘ಅರಸ, ಆನೆ’ ಬರೆದಿದ್ದಳು. ‘ಮ್ಯಾಡಮ್ಮೋರು ಬಂದ್ರ ಹಾಳಿ ತಗೀತೀನ್ರೀ ಅಣ್ಣಾ, ಹೋದ ಮ್ಯಾಲ ಮತ್ತ ಹಚ್ಚತೀನಿ’ ಅಂದಳು. ಕರ್ನೂಲಿನ ಅಧಿಕಾರಿಗಳು ದೊಡ್ಡದೇನೂ ಮಾಡಬೇಕಿಲ್ಲ. ಕನ್ನಡ ಶಾಲೆ ಇರುವ ಊರುಗಳ ಅಂಗನವಾಡಿಗೆ ಕನ್ನಡ ಚಾರ್ಟು, ಕನ್ನಡ ಹಾಡಿನ ಪುಸ್ತಕ ಕೊಡಿಸಲಿ, ನೇಮಕದಲ್ಲಿ ಕನ್ನಡ ಬಲ್ಲವರನ್ನು ಕೇಳಲಿ. ಆ ಟೀಚರಮ್ಮ ಹಾಳೆ ಕಿತ್ತು ಅಂಟಿಸೋದು ತಪ್ಪುತ್ತದೆ.

ಅಂಗನವಾಡಿ ಅಂದರೆ ಮೂಗು ಮುರಿಯುವವರಿಗೆ ಆ ಹೆಸರಿನ ಕಥೆ ಹೇಳಬೇಕು. ಮರಾಠಿಯಲ್ಲಿ ಅಂಗಣ ಅಂದರೆ ನಮ್ಮ ಅಂಗಳ. ತಾರಾಬಾಯಿ ಮೋಡಕ್ ಅನ್ನುವ ಮಹಾತಾಯಿ, ಭಾವನಗರದಲ್ಲಿ 1920ರಲ್ಲಿ ಬಾಲಮಂದಿರ ಕಟ್ಟಿದ ಗಿಜುಭಾಯಿ ಬಧೇಕಾ ಅವರ ಜೊತೆ ದುಡಿದು, 1945ರಲ್ಲಿ ಮುಂಬಯಿಗೆ ಉತ್ತರದ ಬೋರ್ಡಿ ಎಂಬ ಹಳ್ಳಿಗೆ ಬಂದರು. ಶಾಲೆ ತೆರೆದರೆ ಬಡವರ ಮಕ್ಕಳು ಬರಲಿಲ್ಲ. ಮಕ್ಕಳು ಬರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಲಿ ಅಂತ ಹೊರಟರು. ಮಕ್ಕಳಿಗೆ ಸ್ನಾನ ಮಾಡಿಸಿ, ಉಗುರು ಕತ್ತರಿಸಿ, ಕಲ್ಲು ಕಡ್ಡಿ ಎಲೆಗಳಿಂದಲೇ ಎಣಿಕೆ ಕಲಿಸಿದರು. ಆಮೇಲೆ ಕೋಸಬಾಡದ ಗುಡ್ಡದ ಮೇಲೆ, ವಾರ್ಲಿ ಬುಡಕಟ್ಟಿನವರ ನಡುವೆ, ಶಿಷ್ಯೆ ಅನುತಾಯಿ ವಾಘ್ ಜೊತೆ ಅದನ್ನೇ ಬೆಳೆಸಿದರು. ತಾರಾಬಾಯಿಗೆ 1962ರಲ್ಲಿ ಪದ್ಮಭೂಷಣ ಬಂತು. 1975ರ ಅಕ್ಟೋಬರ್ 2ರಂದು ಕೇಂದ್ರ ಸರಕಾರ ದೇಶದ 33 ಕಡೆ ಶಿಶು ಅಭಿವೃದ್ಧಿ ಯೋಜನೆ ಶುರು ಮಾಡಿದಾಗ, ಕರ್ನಾಟಕದಲ್ಲಿ ಮೊದಲು ಆರಿಸಿಕೊಂಡದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರ. ಪಾಶ್ಚಾತ್ಯರ ಮಾಂಟೆಸರಿ ಬೋರ್ಡು ನೋಡಿ ಹಣ ಕಟ್ಟುವ ನಾವು, ನಮ್ಮ ಅಂಗಳದಲ್ಲೇ ಹುಟ್ಟಿದ್ದನ್ನು ‘ಬಡವರ ಗಂಜಿ ಕೇಂದ್ರ’ ಮಾಡಿ ಕೂತಿದ್ದೇವೆ.

ಹಾಗಂತ ಅಂಗನವಾಡಿಯಲ್ಲಿ ಎಲ್ಲ ಸರಿ ಇದೆ ಅಂತ ಬರೆದರೆ ಓದುಗರು ನಗುತ್ತಾರೆ. ಕೆಲವೆಡೆ ಬಾಡಿಗೆಯ ಒಂದೇ ಕೋಣೆ, ಅದರಲ್ಲೇ ಒಲೆ, ಅದರಲ್ಲೇ ಅಕ್ಕಿ ಚೀಲ. ಟೀಚರಮ್ಮನಿಗೆ ಪಾಠಕ್ಕಿಂತ ಮೊಬೈಲಿನಲ್ಲಿ ಫೋಟೊ, ತೂಕ, ಎತ್ತರ ತುಂಬೋದೇ ಕೆಲಸ. 2023ರ ಡಿಸೆಂಬರಿನಲ್ಲಿ ಸಂಬಳಕ್ಕಾಗಿ ಅವರು ಮುಷ್ಕರ ಹೂಡಿದಾಗ ರಾಜ್ಯದಲ್ಲಿ ನಲವತ್ತು ದಿನ ಕೇಂದ್ರಗಳಿಗೆ ಬೀಗ. ಅವರು ಕೇಳಿದ್ದು ನ್ಯಾಯವೇ. 2022ರಲ್ಲಿ ಅಂಗನವಾಡಿಗಳಿಗೆ ಪಿಪಿ-1, ಪಿಪಿ-2 ಅಂತ ಹೆಸರಿಟ್ಟು ಶಾಲೆಗೆ ಜೋಡಿಸಿದರು, 2025ರಲ್ಲಿ ಮತ್ತೆ ಬೇರೆ ಏರ್ಪಾಡು ತಂದರು. ಪಕ್ಕದ ಕರ್ನಾಟಕದಲ್ಲೂ 2024ರಲ್ಲಿ ಕಲ್ಯಾಣ ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ಎಲ್‌ಕೆಜಿ ಯುಕೆಜಿ ತೆರೆಯಲು ಹೊರಟಾಗ, ನಮ್ಮ ಮಕ್ಕಳನ್ನು ಕಸಿಯುತ್ತೀರಿ ಅಂತ ಅಂಗನವಾಡಿಯವರು ಬೀದಿಗಿಳಿದರು. ಬೋರ್ಡು ಬದಲಾದಷ್ಟು ಬೇಗ ಒಳಗಿನ ಚಾಪೆ ಬದಲಾಗೋದಿಲ್ಲ.

ನಮ್ಮ ಪಶ್ಚಿಮ ಕರ್ನೂಲಿನಲ್ಲಿ ಈ ಆಯ್ಕೆಯ ಮಾತೇ ಇಲ್ಲದ ಮನೆಗಳೂ ಇವೆ. ಮಳೆ ಕೈಕೊಟ್ಟ ವರ್ಷ ಕೋಸಿಗಿ, ಮಂತ್ರಾಲಯ, ಕೌತಾಳ ಕಡೆಯಿಂದ ಊರಿಗೆ ಊರೇ ಗುಂಟೂರಿಗೆ ಹತ್ತಿ, ಮೆಣಸಿನಕಾಯಿ ಬಿಡಿಸಲು ಹೋಗುತ್ತದೆ. ಅದಕ್ಕೂ ‘ಸುಗ್ಗಿ’ ಅಂತಲೇ ಹೆಸರು. ದೊಡ್ಡ ಮಕ್ಕಳಿಗೆ ಸೀಸನಲ್ ಹಾಸ್ಟೆಲ್ ಅಂತ ಒಂದಿಷ್ಟು ಏರ್ಪಾಡು ಇದೆ. ಮೂರು ನಾಲ್ಕು ವರ್ಷದ ಕೂಸು ಒಂದೋ ಲಾರಿಯಲ್ಲಿ ತಾಯಿಯ ಜೊತೆ, ಇಲ್ಲಾ ಕಣ್ಣು ಕಾಣದ ಅಜ್ಜಿಯ ಜೊತೆ. ಅಂಥ ಮಗುವಿಗೆ ಮಧ್ಯಾಹ್ನದ ಮೊಟ್ಟೆ, ಹಾಲು, ಬಿಸಿ ಅನ್ನ ಸಿಗೋದು ಅಂಗನವಾಡಿಯಲ್ಲಿ ಮಾತ್ರ. ಉಳ್ಳವರ ಮಕ್ಕಳೆಲ್ಲ ವ್ಯಾನು ಹತ್ತಿ ಹೋದರೆ ಅಲ್ಲಿ ಹಾಜರಿ ಇಳಿಯುತ್ತದೆ. ಕೇಂದ್ರ ಮುಚ್ಚಿದರೆ ಕಷ್ಟ ಬರೋದು ನನ್ನ ಮಗಳಿಗಲ್ಲ.

ಪಾಲಕರು ಏನು ನೋಡಬೇಕು ಅಂತ ಕೇಳುವವರಿಗೆ ನನ್ನ ಸಲಹೆ: ಅಡ್ಮಿಷನ್ ದಿನ ಹೋಗಬೇಡಿ, ಅವತ್ತು ಎಲ್ಲ ಬಲೂನು ಕಟ್ಟಿರುತ್ತಾರೆ. ಮಾರ್ಚಿಗೆ ಮೊದಲು ಯಾವುದಾದರೂ ಒಂದು ಸಾದಾ ದಿನ, ಹನ್ನೊಂದು ಗಂಟೆಗೆ, ಹೇಳದೆ ಹೋಗಿ. ಒಳಗಿಂದ ಗದ್ದಲ ಕೇಳಿಸುತ್ತಿದ್ದರೆ ಒಳ್ಳೆಯದು; ಮೂರು ವರ್ಷದ ಮಕ್ಕಳು ತುಂಬಿದ ಕೋಣೆ ತಣ್ಣಗಿದ್ದರೆ ಯಾಕೆ ಅಂತ ಕೇಳಿ. ಆಫೀಸ್ ರೂಮಿಗಿಂತ ಮೊದಲು ಬಚ್ಚಲು, ಶೌಚಾಲಯ ನೋಡಿ, ಮಗುವಿನ ಕೈಗೆ ನಲ್ಲಿ ಎಟುಕುತ್ತದಾ ಅಂತ ನೋಡಿ. ಕೋಣೆಗೆ ಎಷ್ಟು ಬಾಗಿಲು? 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದಲ್ಲಿ ಅಡುಗೆಮನೆಯ ಕಿಡಿ ಚಪ್ಪರಕ್ಕೆ ಹಾರಿ 94 ಮಕ್ಕಳು ಸುಟ್ಟುಹೋದದ್ದನ್ನು ಇದೇ ಪುಟಗಳಲ್ಲಿ ಓದಿದವರು ನಾವು. ವ್ಯಾನಿನಲ್ಲಿ ಎಷ್ಟು ಮಕ್ಕಳು ಅಂತ ಡ್ರೈವರನನ್ನು ಕೇಳಬೇಡಿ, ಬೆಳಿಗ್ಗೆ ಇಳಿಯುವಾಗ ನಿಂತು ಎಣಿಸಿ. ಹತ್ತಿಬೀಜದ ಒಂದು ಪಾಕೀಟು ತರಲು ಆದೋನಿಯಲ್ಲಿ ಹತ್ತು ಅಂಗಡಿ ತಿರುಗಿ, ಇಪ್ಪತ್ತು ಜನ ರೈತರನ್ನು ಕೇಳುವವರು ನಾವು.

ಹೆಂಡತಿಯ ಮಾತಿನಲ್ಲೂ ಸತ್ಯವಿದೆ, ಅದನ್ನು ಮುಚ್ಚಿಡೋದಿಲ್ಲ. ‘ಯುಕೆಜಿ ಅಲ್ಲೇ ಓದಿದವ್ರಿಗೇ ಒಂದನೇತ್ತಿಗೆ ಸೀಟು ಕೊಡ್ತಾರ. ಆಮ್ಯಾಲ ಹೋದ್ರ ಡೊನೇಶನ್ ಕೇಳ್ತಾರ. ಆಗ ನೀವ್ ಪೇಪರ್ ಕಟಿಂಗ್ ತೋರಿಸಿ ಸೀಟ್ ತರ್ತೀರೇನು?’ ಅಂತ ಕೇಳುತ್ತಾಳೆ. ಉತ್ತರ ನನ್ನ ಹತ್ತಿರ ಇಲ್ಲ. ಹುಡುಗಿಗೆ ಕಡಿಮೆಯದು, ಹುಡುಗನಿಗೆ ಮಾತ್ರ ಕಾನ್ವೆಂಟು ಅಂತ ಜನ ಆಡಿಕೊಂಡಾರು ಅನ್ನುವ ಅಳುಕೂ ಆಕೆಗಿದೆ. ಅದೂ ಸುಳ್ಳಲ್ಲ, ನಮ್ಮ ಕಡೆ ಹಾಗೇ ಮಾಡುವವರು ಬೇಕಾದಷ್ಟಿದ್ದಾರೆ.

ಕೊನೆಗೆ ಹೋದ ವಾರ ಇಬ್ಬರೂ ಸೇರಿ ಓಣಿಯ ತುದಿಯ ಅಂಗನವಾಡಿಗೆ ಹೋದೆವು. ಮಗಳನ್ನೂ ಕರೆದುಕೊಂಡು ಹೋಗಿದ್ದೆವು. ಟೀಚರಮ್ಮ ಕೌತಾಳ ಕಡೆಯಿಂದ ಮದುವೆಯಾಗಿ ಬಂದಾಕೆ, ತೆಲುಗು, ಕನ್ನಡ ಎರಡೂ ಬರುತ್ತದೆ. ಮರಾಠಿ ಬರೋದಿಲ್ಲ. ನಾನು ಮಗನ ಬೂಟಿನ ಕಥೆ ಹೇಳಿದೆ. ಆಕೆ ನಗಲಿಲ್ಲ. ರಿಜಿಸ್ಟರಿನ ಹಿಂದಿನ ಪುಟದಲ್ಲಿ ಏನೋ ಬರೆದುಕೊಂಡಳು. ಇಣುಕಿ ನೋಡಿದೆ. ಮಗಳ ಹೆಸರು, ಅದರ ಮುಂದೆ ‘ಶೂ ಅಂದ್ರ ಒಂದಕ್ಕ’ ಅಂತ ಇತ್ತು. ‘ಇನ್ನೇನೇನು ಅಂತಾಳ ಹೇಳ್ರೀ ಅಕ್ಕಾ, ಬರಕೊಂತೀನಿ’ ಅಂದಳು ನನ್ನ ಹೆಂಡತಿಗೆ. ಅಷ್ಟರಲ್ಲಿ ಮಗಳು ಯಾರದೋ ಚೆಂಡು ಹಿಡಿದುಕೊಂಡು ಹೊರಗೆ ಅಂಗಳಕ್ಕೆ ಓಡಿದ್ದಳು.

ಜೂನಿನಿಂದ ಆಕೆ ಅಲ್ಲಿಗೇ ಹೋಗುತ್ತಾಳೆ. ಒಂದನೇ ತರಗತಿಯ ಸೀಟಿನ ವಿಷಯದಲ್ಲಿ ಜಗಳ ಇನ್ನೂ ಮುಗಿದಿಲ್ಲ. ಈ ಸಲ ಕಾನ್ವೆಂಟಿನ ಜಾಹೀರಾತು ಬರೆದುಕೊಡುವ ಮೊದಲು ಒಮ್ಮೆ ಕೊಠಡಿ ತೋರಿಸಿ ಅಂತ ಕೇಳಿದೆ. ಇಬ್ಬರು ತೋರಿಸಿದರು, ಒಬ್ಬರು ಜಾಹೀರಾತನ್ನೇ ಬೇರೆಯವರಿಗೆ ಕೊಟ್ಟರು.